ಪದ ಅಳಿಸಿದರೆ ನಕ್ಷೆ ಬದಲಾಗುತ್ತದೆಯೇ?

ನ್ಯೂಜಿಲೆಂಡಿನ ಎಂಜಿನಿಯರಿಂಗ್ ತರಗತಿಗಳಲ್ಲಿ ಈಗ ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಪಾಠ 'ಕಿಅ ಒರ' ಎಂಬ ನಮಸ್ಕಾರದಿಂದ ಶುರುವಾಗುತ್ತದೆ. ಸ್ಲೈಡಿಗೆ ಎರಡು ಭಾಷೆಯ ತಲೆಬರಹ, ಮೂಲೆಯಲ್ಲೊಂದು ಜರಿಗಿಡದ ಸುರುಳಿ ಚಿತ್ರ. ಎರಡನೇ ಸ್ಲೈಡಿನಿಂದ ಮಾತ್ರ ಹಳೇ ಪಾಠವೇ. ಇದರಿಂದ ಕೆಡುಕೇನೂ ಇಲ್ಲ, ಆದರೆ ಇದು ಬಾಗಿಲಿಗೆ ಕಟ್ಟಿದ ತೋರಣ ಅಷ್ಟೇ. ತೋರಣವೋ ಪಾಠವೋ ತಿಳಿಯಬೇಕಾದರೆ ಒಂದು ಕೆಲಸ ಮಾಡಿ: ಅಸೈನ್‌ಮೆಂಟಿನಲ್ಲಿರುವ ಮಾವೊರಿ ಪದಗಳನ್ನೆಲ್ಲ ಅಳಿಸಿ. ಲೆಕ್ಕ, ನಕ್ಷೆ, ಪೈಪಿನ ದಾರಿ ಎಲ್ಲ ಹಾಗೇ ಉಳಿದರೆ ಅದು ತೋರಣ.

ಮೊದಲು ಉಚ್ಚಾರಣೆ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ, ಇಂಗ್ಲಿಷಿನವರಿಗೂ ಹಿಂದಿಯವರಿಗೂ ಅದು ಇಲ್ಲ. ಮಾವೊರಿಯಲ್ಲಿ ಐದು ಸ್ವರ, ಐದಕ್ಕೂ ಹ್ರಸ್ವ-ದೀರ್ಘ ಭೇದ. ಅ-ಆ, ಇ-ಈ, ಉ-ಊ ಮಾತ್ರವಲ್ಲ, ಎ-ಏ, ಒ-ಓ ಕೂಡ ಬೇರೆ ಬೇರೆ. ನಮ್ಮ ಲಿಪಿ ಇದಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ. 'ಕೆಕೆ' ಅಂದರೆ ಕೇಕು, 'ಕೇಕೇ' ಅಂದರೆ ಕಂಕುಳು. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ನಮ್ಮ 'ಙ' ಅಕ್ಷರಕ್ಕೆ ಅಲ್ಲಿ ದಿನವಿಡೀ ದುಡಿಮೆ: ನೆಲದ ಜನರಿಗೆ ಅವರು ಹೇಳುವುದು 'ತಙತ ಫೆನುಅ'. ಒತ್ತಕ್ಷರ ಇಲ್ಲವೇ ಇಲ್ಲ, ಪ್ರತಿ ಉಚ್ಚಾರವೂ ಸ್ವರದಲ್ಲೇ ಮುಗಿಯುತ್ತದೆ. ಅಂದಹಾಗೆ ನಾವು ವಾಡಿಕೆಯಲ್ಲಿ ಬರೆಯುವ 'ಮಾವೋರಿ'ಯಲ್ಲಿ ಓ ದೀರ್ಘ ತಪ್ಪು, ಅಲ್ಲಿರುವುದು ಹ್ರಸ್ವ.

ರೋಮನ್ ಲಿಪಿಯಲ್ಲಿ ದೀರ್ಘ ಸ್ವರದ ತಲೆಯ ಮೇಲೊಂದು ಅಡ್ಡಗೆರೆ ಬರುತ್ತದೆ, ಹೆಸರು 'ತೊಹುತೋ'. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮಾವೊರಿ ಮೊದಲು ಕೈಕೊಡುವುದು ಇಲ್ಲೇ. ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್‌ನ ಹಳೆಯ ಎಸ್‌ಎಚ್‌ಎಕ್ಸ್ ಫಾಂಟುಗಳಲ್ಲಿ ಈ ಅಕ್ಷರಗಳಿರುವುದಿಲ್ಲ, ಪ್ಲಾಟ್ ಮಾಡಿದಾಗ ನದಿಯ ಹೆಸರಿನ ನಡುವೆ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ. ಟೆಕ್ಸ್ಟ್ ಸ್ಟೈಲನ್ನು ಏರಿಯಲ್‌ನಂಥ ಟ್ರೂಟೈಪ್ ಫಾಂಟಿಗೆ ಬದಲಿಸಿದರೆ ಸರಿಹೋಗುತ್ತದೆ. ಗಣಕ ಭೂಪಟ ವ್ಯವಸ್ಥೆಯಾದ ಜಿಐಎಸ್‌ನ ಶೇಪ್‌ಫೈಲ್ ಕಳಿಸುವಾಗ ಜೊತೆಗೆ ಯುಟಿಎಫ್-8 ಎಂದು ಬರೆದ ಸಿಪಿಜಿ ಫೈಲು ಇರಲೇಬೇಕು, ಇಲ್ಲದಿದ್ದರೆ ಹೆಸರು ಕಲಸುಮೇಲೋಗರ. ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ: ದೀರ್ಘ 'ಆ'ವನ್ನು ಯೂನಿಕೋಡಿನಲ್ಲಿ 0101 ಎಂಬ ಒಂದೇ ಸಂಕೇತವಾಗಿಯೂ ಬರೆಯಬಹುದು, ಸಾದಾ ಅಕ್ಷರದ ನಂತರ 0304 ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎಕ್ಸೆಲ್‌ನಲ್ಲಿ ಎರಡು ಪಟ್ಟಿಗಳನ್ನು ಜೋಡಿಸಲು ಹೋದರೆ ಒಂದೇ ಹೊಳೆ ಎರಡಾಗುತ್ತದೆ. ವಿಂಡೋಸ್‌ನಲ್ಲಿ ಮಾವೊರಿ ಕೀಬೋರ್ಡ್ ಹಾಕಿಕೊಂಡು, 1ರ ಎಡಗಡೆಯ ಕೀಲಿ ಒತ್ತಿ ಸ್ವರ ಒತ್ತಿದರೆ ಒಂದೇ ಸಂಕೇತದ ಅಕ್ಷರ ಬರುತ್ತದೆ. ಎಲ್ಲರೂ ಹಾಗೇ ಟೈಪ್ ಮಾಡಬೇಕೆಂದು ಮೊದಲ ವಾರವೇ ಹೇಳಿಬಿಡುವುದು ಲೇಸು.

ಇನ್ನು ನಿಜವಾದ ಪಾಠ. ಕೊಳಚೆ ನೀರಿನ ವಿನ್ಯಾಸಕ್ಕಿಂತ ಒಳ್ಳೆಯ ಜಾಗ ಇದಕ್ಕೆ ಸಿಗಲಾರದು. ರೊಟೊರುವಾ ಊರಿನ ಸಂಸ್ಕರಿಸಿದ ಕೊಳಚೆ ಅದೇ ಹೆಸರಿನ ಸರೋವರ ಸೇರುತ್ತಿತ್ತು, ಪೋಷಕಾಂಶ ಹೆಚ್ಚಿ ಸರೋವರ ಕೆಡುತ್ತಿತ್ತು. ಪೈಪು ಹಾಕಿ ಅದನ್ನು ಕೈತುನ ನದಿಗೆ ಬಿಡುವ ಯೋಜನೆ ಬಂತು. ಆ ನದಿಯ ಜನ ಮಾವೊರಿಗಳ ದೂರು ಕೇಳುವ ವೈತಙಿ ನ್ಯಾಯಮಂಡಳಿಯ ಮುಂದೆ ಹೋದರು. 1984ರಲ್ಲಿ ಮಂಡಳಿ ನದಿಗೆ ಬಿಡುವುದು ಬೇಡ, ನೆಲಕ್ಕೆ ಹರಿಸುವ ದಾರಿ ನೋಡಿ ಅಂದಿತು. 1991ರಿಂದ ಆ ನೀರನ್ನು ಫಕರೆವರೆವ ಕಾಡಿನಲ್ಲಿ ಸಿಂಪಡಿಸತೊಡಗಿದರು. ಆಕ್ಷೇಪ ನೀರಿನ ಗುಣಮಟ್ಟದ ಅಂಕಿಗಳ ಬಗ್ಗೆ ಮಾತ್ರ ಇರಲಿಲ್ಲ. ಮನುಷ್ಯನ ಮಲ ತಾಗಿದ ನೀರು ಎಷ್ಟೇ ಸೋಸಿದರೂ, ಭೂತಾಯಿ ಪಪತೂಆನುಕುವಿನ ಮೈಮೇಲೆ ಹಾದುಬಾರದೆ ಆಹಾರ ಕೊಡುವ ನೀರಿಗೆ ಸೇರಬಾರದು ಎಂಬುದು ಅವರ ನಿಯಮ. ಪ್ರತಿ ನೀರಿಗೂ ತನ್ನದೇ ಜೀವಸತ್ವ, ಅಂದರೆ 'ಮೌರಿ', ಇರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಕನ್ನಡಿಗರಿಗೆ ಇದನ್ನು ಕೇಳಿದ ಕೂಡಲೇ ಮಡಿ-ಮೈಲಿಗೆ ನೆನಪಾಗುತ್ತದೆ. ಆ ಹೋಲಿಕೆ ಅರ್ಧ ದಾರಿಗಷ್ಟೇ ಸಾಕು. ಇಲ್ಲಿ ಅವರು ಬಳಸುವ ಪದ 'ತಪು' ಅಂದರೆ ನಿರ್ಬಂಧಕ್ಕೆ ಒಳಪಟ್ಟದ್ದು, ಪವಿತ್ರವಾದದ್ದೂ ಹೌದು. ಅದಕ್ಕೆ ಜಾತಿಯ ಏಣಿ ಹಚ್ಚಬೇಡಿ.

ಈಗ ಇದನ್ನೇ ಲೆಕ್ಕವಾಗಿಸಿ. 10,000 ಜನರ ಊರು, ತಲೆಗೆ ದಿನಕ್ಕೆ 200 ಲೀಟರ್, ಒಟ್ಟು 2,000 ಘನ ಮೀಟರ್. ನದಿಗೆ ಬಿಡುವುದಾದರೆ ಪೈಪಿನ ಅಳತೆ ಹಿಡಿದರೆ ಕೆಲಸ ಮುಗಿಯಿತು. ನೆಲಕ್ಕೆ ಎಂದಾಗ ಪ್ರಶ್ನೆಯೇ ಬೇರೆ. ಮಣ್ಣು ದಿನಕ್ಕೆ 5 ಮಿಲಿಮೀಟರ್ ಹೀರುತ್ತದೆ ಎಂದಿಟ್ಟುಕೊಂಡರೆ 40 ಹೆಕ್ಟೇರ್ ಬೇಕು. ಬಹುಪಾಲು ವಿದ್ಯಾರ್ಥಿಗಳು ಇಲ್ಲಿಗೇ ಕೆಳಗೆ ಎರಡು ಗೆರೆ ಎಳೆದುಬಿಡುತ್ತಾರೆ, ತಪ್ಪುವುದೂ ಇಲ್ಲೇ. ಹೊರಬರುವ ನೀರಿನಲ್ಲಿ ಘನ ಮೀಟರಿಗೆ 30 ಗ್ರಾಂ ಸಾರಜನಕ ಇದ್ದರೆ ದಿನಕ್ಕೆ 60 ಕಿಲೋ, ವರ್ಷಕ್ಕೆ 21,900 ಕಿಲೋ. 40 ಹೆಕ್ಟೇರಿಗೆ ಹಂಚಿದರೆ ಹೆಕ್ಟೇರಿಗೆ ಸುಮಾರು 550 ಕಿಲೋ. ಯಾವ ಕಾಡೂ ಅಷ್ಟನ್ನು ಅರಗಿಸಿಕೊಳ್ಳದು. ಉಳಿದದ್ದು ಅಂತರ್ಜಲದ ದಾರಿಯಲ್ಲಿ ಮತ್ತೆ ಹೊಳೆಗೇ ಬರುತ್ತದೆ. ರೊಟೊರುವಾದಲ್ಲೂ ಮುಂದೆ ತಲೆನೋವಾದದ್ದು ಸಾರಜನಕವೇ. ಹೆಕ್ಟೇರಿಗೆ 150 ಕಿಲೋ ಮಿತಿ ಹಾಕಿದರೆ 146 ಹೆಕ್ಟೇರ್ ಬೇಕು, ನೀರಿನ ಪದರ ದಿನಕ್ಕೆ 1.4 ಮಿಲಿಮೀಟರಿಗೆ ಇಳಿಯುತ್ತದೆ. ಅದರ ಮೇಲೆ, ಮಳೆಗಾಲದಲ್ಲಿ ಸಿಂಪಡಿಸಲಾಗದ ಹತ್ತು ದಿನಕ್ಕೆ 20,000 ಘನ ಮೀಟರ್ ಹಿಡಿಯುವ ಹೊಂಡ ಬೇರೆ. ಅಷ್ಟು ನೆಲ ಯಾರದು, ಅದರಡಿ ಹಳೆಯ ಸಮಾಧಿಗಳಿವೆಯೇ ಎಂಬ ಪ್ರಶ್ನೆ ಆಮೇಲೆ ತಾನಾಗಿಯೇ ಏಳುತ್ತದೆ. 'ಮೌರಿ' ಎಂಬ ಒಂದು ಪದ ಜಾಗದ ಲೆಕ್ಕವನ್ನೇ ಬದಲಿಸಿತು.

ಹೇಸ್ಟಿಂಗ್ಸ್ ಊರಿನದು ಇನ್ನೊಂದು ಬಗೆಯ ಉತ್ತರ. ಅಲ್ಲಿ ಮನೆಗಳ ಕೊಳಚೆ ಜೈವಿಕ ಶೋಧಕಗಳನ್ನು ದಾಟಿ, ಕಲ್ಲು ಹಾಸಿದ 'ರಕಹೊರೆ' ಕಾಲುವೆಯಲ್ಲಿ ಹರಿದು, ಆಮೇಲೆ ಸಮುದ್ರ ಸೇರುತ್ತದೆ. 'ಆ ಕಲ್ಲಿನಿಂದ ಬಿಒಡಿ (ನೀರಿನಲ್ಲಿರುವ ಜೈವಿಕ ಕೊಳೆಯ ಅಳತೆ) ಎಷ್ಟು ಇಳಿಯುತ್ತದೆ?' ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಲುವೆ ಹಾಕಿದ್ದು ಬಿಒಡಿಗಾಗಿ ಅಲ್ಲ, ನೀರು ಭೂತಾಯಿಯ ಮೈಮೇಲೆ ಹಾದುಬರಲಿ ಎಂದು. ಕಟ್ಟಡದ ಮುಂಭಾಗಕ್ಕೆ ಗ್ರಾನೈಟ್ ಹಾಕಿದರೆ ಭಾರ ಹೊರುವ ಶಕ್ತಿ ಎಷ್ಟು ಹೆಚ್ಚಿತು ಎಂದು ಯಾರೂ ಕೇಳುವುದಿಲ್ಲವಲ್ಲ. ಕಾನೂನೂ ಇದರ ಬೆನ್ನಿಗಿದೆ: 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ 'ಕೈತಿಅಕಿತಙ', ಅಂದರೆ ನೆಲ-ನೀರಿನ ಪಾಲನೆಯ ಹೊಣೆ ಎಂಬ ಮಾವೊರಿ ಪದವನ್ನೇ ತನ್ನ ಪಠ್ಯದಲ್ಲಿ ಬಳಸಿತು. 2017ರಲ್ಲಿ ಫಙನುಯಿ ನದಿಗೆ ಕಾನೂನಿನ ವ್ಯಕ್ತಿತ್ವ ಸಿಕ್ಕಿತು. ಅದರ ದಡದಲ್ಲಿ ಸೇತುವೆಯ ಕಂಬ ಇಳಿಸುವವನಿಗೆ ಇದು ಕಾವ್ಯವಲ್ಲ, ಅನುಮತಿ ಪತ್ರದ ಪ್ರಶ್ನೆ.

ಭೂತಂತ್ರಜ್ಞಾನದ ಪಾಠಕ್ಕೆ 'ತನಿಫ' ಬೇಕು. ನೀರಿನಲ್ಲಿ, ಗುಹೆಯಲ್ಲಿ ವಾಸಿಸುವ ಬಲಶಾಲಿ ಜೀವಿ ಅದು. 2002ರಲ್ಲಿ ಮೆರೆಮೆರೆ ಬಳಿ ಹೆದ್ದಾರಿ ಕೆಲಸಕ್ಕೆ ತನಿಫದ ಹೆಸರಿನಲ್ಲಿ ಆಕ್ಷೇಪ ಬಂದಾಗ ಪತ್ರಿಕೆಗಳು ನಕ್ಕವು. ಕೊನೆಗೆ ಜೌಗಿನ ಒಂದು ಭಾಗ ಉಳಿಯುವಂತೆ ವಿನ್ಯಾಸ ತಿದ್ದಲಾಯಿತು. ನಕ್ಕವರು ಮತತಾದ ಕಥೆ ಓದಬೇಕು. ಅಲ್ಲಿನ ಹೊಳೆಯ ತನಿಫ ಹಲ್ಲಿಯಾಕಾರದ್ದು, ತಲೆ ಬೆಟ್ಟದಲ್ಲಿ, ಬಾಲ ಕೆಳಗಿನ ಬಯಲಿನಲ್ಲಿ ಅತ್ತಿಂದಿತ್ತ ಬೀಸುತ್ತದೆ ಎನ್ನುತ್ತಾರೆ. 2005ರ ಮೇ 18ರಂದು ಭಾರೀ ಮಳೆಗೆ ಬೆಟ್ಟದಿಂದ ಬಂಡೆ-ಕೆಸರು ನುಗ್ಗಿ ಅದೇ ಬಯಲಿನ ಮನೆಗಳನ್ನು ಒಡೆಯಿತು. ಸಮುದಾಯದ 'ಮರಎ' ಅಂಗಳಗಳು ಬಾಲದ ದಾರಿಯಿಂದ ಆಚೆ ಇದ್ದವು, ಅವಕ್ಕೆ ಏನೂ ಆಗಲಿಲ್ಲ. ಬೀಸುವ ಬಾಲ ಎಂದರೆ ಹೊಳೆ ಪಾತ್ರ ಬದಲಿಸುತ್ತ ಬೆಟ್ಟದ ಬುಡದಲ್ಲಿ ಬೀಸಣಿಗೆಯಂತೆ ಹರಡಿದ ಮೆಕ್ಕಲು ನೆಲ. ಅಸೈನ್‌ಮೆಂಟ್ ಹೀಗಿರಲಿ: ಮೊದಲು ಕಥೆಯಿಂದ ಅಪಾಯದ ನಕ್ಷೆ ಬರೆಯಿರಿ, ಆಮೇಲೆ ಲೇಸರಿನಿಂದ ಅಳೆದ ಲೈಡಾರ್ ನೆಲನಕ್ಷೆಯ ಮೇಲೆ ಅದನ್ನಿಟ್ಟು ನೋಡಿ. ಎಲ್ಲ ತನಿಫವೂ ಪ್ರವಾಹದ ಸಂಕೇತ ಎಂದು ಬಗೆಯುವುದು ಮತ್ತೊಂದು ತಪ್ಪು. ಕೆಲವು ಕಾವಲಿನವು, ಕೆಲವು ವಂಶದ ನೆನಪಿನವು.

ವಸ್ತುವಿಜ್ಞಾನದ ಲ್ಯಾಬಿಗೆ 'ಹರಕೆಕೆ' ಹೇಳಿಮಾಡಿಸಿದ್ದು. ಕತ್ತಿಯಂಥ ಎಲೆಯ ನಾರಿನ ಗಿಡ. ನಾರಿಗೆ 'ಮುಕ' ಎಂದು ಹೆಸರು. (ನಮ್ಮ 'ಹರಕೆ'ಗೂ ಇದಕ್ಕೂ ಸಂಬಂಧವಿಲ್ಲ.) ಕೊಯ್ಯುವಾಗಲೇ ಪಾಠ ಶುರು: ನಡುವಿನ ಎಳೆಸುಳಿ ಮಗು, ಅದರ ಅಕ್ಕಪಕ್ಕದ ಎರಡು ಎಲೆ ತಂದೆತಾಯಿ, ಈ ಮೂರನ್ನೂ ಮುಟ್ಟುವಂತಿಲ್ಲ. ಹೊರಗಿನ ಬಲಿತ ಎಲೆಗಳನ್ನು ಬುಡದಲ್ಲಿ, ನೀರು ಹೊರಕ್ಕೆ ಜಾರುವಂತೆ ಓರೆಯಾಗಿ ಕೊಯ್ಯಬೇಕು. ಮಳೆಯಲ್ಲಿ, ರಾತ್ರಿಯಲ್ಲಿ ಕೊಯ್ಯುವುದಿಲ್ಲ. ಸುಳಿ ಹೋದರೆ ಆ ಕವಲು ಸಾಯುತ್ತದೆ, ಗಾಯದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಕಾರಣ ಸಸ್ಯಶಾಸ್ತ್ರದಲ್ಲೂ ಇದೆ.

ಅಂಚು ಮತ್ತು ನಡುದಿಂಡು ತೆಗೆದು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಸೀಳಿ. ಮಂದ ಬಣ್ಣದ ಬದಿಯಲ್ಲಿ, ಉದ್ದದ ಮಧ್ಯಕ್ಕೆ, ಮೇಲಿನ ಪದರ ಮಾತ್ರ ಹರಿಯುವಂತೆ ಅಡ್ಡ ಗೀರು ಹಾಕಿ. ಚಾಕು ಒಂದಿಷ್ಟು ಆಳಕ್ಕಿಳಿದರೆ ನಾರೇ ಕತ್ತರಿಸಿಹೋಗುತ್ತದೆ. ನೀಲಿಕಲ್ಲು ಎಂಬ ಸಮುದ್ರದ ಚಿಪ್ಪುಜೀವಿಯ (ಮಸೆಲ್) ಚಿಪ್ಪಿನ ಅಂಚನ್ನು ಗೀರಿನ ಬಳಿ ಒತ್ತಿಹಿಡಿದು ಪಟ್ಟಿಯನ್ನು ಎಳೆದರೆ ಹಸಿರು ತಿರುಳು ಕಳಚಿ, ರೇಷ್ಮೆಯಂಥ ಹೊಳಪಿನ ಎಳೆ ಕೈಗೆ ಬರುತ್ತದೆ. ಒಣಗಿಸಿ, ಎಳೆದು ಪರೀಕ್ಷಿಸುವ ಯಂತ್ರಕ್ಕೆ ಕೊಡುವ ಮೊದಲು ಎರಡು ವಿಷಯ. ನಾರು ದುಂಡಗಿಲ್ಲ, ಮೈಕ್ರೋಮೀಟರಿನಿಂದ ವ್ಯಾಸ ಅಳೆಯಬೇಡಿ. ಒಂದು ಮೀಟರ್ ತೂಗಿ: 0.05 ಗ್ರಾಂ ಇದ್ದು ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಂ ಎಂದಿಟ್ಟುಕೊಂಡರೆ ಅಡ್ಡಛೇದ ಸುಮಾರು 0.036 ಚದರ ಮಿಲಿಮೀಟರ್. 15 ನ್ಯೂಟನ್‌ಗೆ ಹರಿದರೆ ಸುಮಾರು 420 ಮೆಗಾಪಾಸ್ಕಲ್. ಎರಡನೆಯದು, ಹಿಡಿಕೆಯಲ್ಲಿ ನಾರು ಜಾರುತ್ತದೆ ಇಲ್ಲವೇ ದವಡೆಯ ಅಂಚಿನಲ್ಲೇ ಹರಿಯುತ್ತದೆ. ತುದಿಗಳನ್ನು ರಟ್ಟಿನ ತುಂಡುಗಳ ನಡುವೆ ಎಪಾಕ್ಸಿಯಿಂದ ಅಂಟಿಸಿ, ಅಂಚಿನಲ್ಲಿ ಹರಿದ ಮಾದರಿಯನ್ನು ಲೆಕ್ಕದಿಂದ ಬಿಡಿ. ಉಳಿದ ಸಿಪ್ಪೆ ಕಸದ ಬುಟ್ಟಿಗಲ್ಲ, ಗಿಡದ ಬುಡಕ್ಕೆ. ಕೆಲಸದ ಮೇಜಿನ ಮೇಲೆ ತಿಂಡಿ ಇಡಬಾರದು, ಕೂರಬಾರದು. ಲ್ಯಾಬಿನ ಸುರಕ್ಷತಾ ನಿಯಮವೂ ಅದನ್ನೇ ಹೇಳುತ್ತದೆ, ಆದರೆ ತಪು ಎಂದಾಗ ವಿದ್ಯಾರ್ಥಿಗಳು ಹೆಚ್ಚು ಪಾಲಿಸುತ್ತಾರೆ ಎಂಬುದು ನನ್ನ ಗುಮಾನಿ.

ರಚನಾಶಾಸ್ತ್ರದವರಿಗೆ ಸಭಾಮನೆ ಇದೆ: 'ತಾಹುಹು' ನೆತ್ತಿಯ ಜಂತಿ, 'ಹೆಕೆ' ಇಳಿಜಾರು ತೊಲೆ, 'ಪೊಉಪೊಉ' ಗೋಡೆಗಂಬ. ಹಗ್ಗ ಬಿಗಿದು ತೊಲೆ-ಕಂಬಗಳನ್ನು ಒಂದಕ್ಕೊಂದು ಒತ್ತಿ ಕೂರಿಸುವ 'ಮೀಮಿರೊ' ವಿಧಾನವನ್ನು ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ನಿಜ ಗಾತ್ರದಲ್ಲಿ ಕಟ್ಟಿ ಪರೀಕ್ಷಿಸಿದ್ದಾರೆ. ಉಕ್ಕಿನ ತಂತಿ ಬಿಗಿದು ರಚನೆಯನ್ನು ಒತ್ತಿಹಿಡಿಯುವ ಇಂದಿನ ಪೋಸ್ಟ್ ಟೆನ್ಷನಿಂಗ್‌ನ ತತ್ವವೇ ಅದು. ಸಾಗರಯಾನದ ಜೋಡಿ ದೋಣಿಗಳನ್ನು ಮತ್ತೆ ಕಟ್ಟಿದ ಹೆಕೆನುಕುಮೈ ಬಸ್ಬಿ ವೃತ್ತಿಯಲ್ಲಿ ಸೇತುವೆ ಕಟ್ಟುವವರಾಗಿದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು.

ಅಳತೆಯ ವಿಷಯಕ್ಕೆ ಬಂದರೆ, ಹೊಳೆಗಳಿಗೆ 'ಸಾಂಸ್ಕೃತಿಕ ಆರೋಗ್ಯ ಸೂಚ್ಯಂಕ' ಎಂಬುದಿದೆ. ಫಲಿತಾಂಶ ಎ-1/2.9/4.2 ಎಂಬಂತೆ ಮೂರು ಭಾಗದಲ್ಲಿ ಬರುತ್ತದೆ: ಮೊದಲ ಭಾಗದಲ್ಲಿ ಜಾಗ ಪಾರಂಪರಿಕವೇ ಮತ್ತು ಜನ ಅಲ್ಲಿಗೆ ಮತ್ತೆ ಬರುತ್ತಾರೆಯೇ, ಎರಡನೆಯದರಲ್ಲಿ ಆಹಾರ ಸಂಗ್ರಹದ ಸ್ಥಿತಿ 5ಕ್ಕೆ ಎಷ್ಟು, ಮೂರನೆಯದರಲ್ಲಿ ಹೊಳೆಯ ಆರೋಗ್ಯ 5ಕ್ಕೆ ಎಷ್ಟು. ವಿದ್ಯಾರ್ಥಿಗಳು ಹೊಳೆಬದಿಗೆ ಹೋಗಿ ಈ ಫಾರಂ ತಾವೇ ತುಂಬಿಬಿಡುವುದು ಪದೇ ಪದೇ ಆಗುವ ಎಡವಟ್ಟು. ಅಂಕ ಕೊಡಬೇಕಾದವರು ಆ ನೆಲದ ಜನ. ವಿದ್ಯಾರ್ಥಿ ಪಕ್ಕದಲ್ಲಿ ನಿಂತು ಕರಗಿದ ಆಮ್ಲಜನಕ, ಕಲಕು ಅಳೆದು, ಎರಡು ಎಲ್ಲಿ ಹೊಂದುವುದಿಲ್ಲ ಎಂದು ಬರೆಯಬೇಕು. ಹೊಂದದ ಕಡೆಯಲ್ಲೇ ಕಲಿಯುವುದು ಜಾಸ್ತಿ.

ಅವರನ್ನು ಕರೆಯುವುದಕ್ಕೂ ಕ್ರಮವಿದೆ. 60 ವಿದ್ಯಾರ್ಥಿಗಳು ಒಂದೇ ಬುಡಕಟ್ಟು ಕಚೇರಿಗೆ 60 ಇಮೇಲ್ ಕಳಿಸಿದರೆ ಮುಂದಿನ ವರ್ಷ ಬಾಗಿಲು ಮುಚ್ಚಿರುತ್ತದೆ. ಕೋರ್ಸಿಗೆ ಒಬ್ಬರೇ ಸಂಪರ್ಕ, ಸೆಮಿಸ್ಟರಿಗೆ ಆರು ತಿಂಗಳ ಮೊದಲು ಮಾತು, ಬಜೆಟ್ಟಿನಲ್ಲಿ ಅವರ ಸಮಯಕ್ಕೆ ಸಲಹೆಗಾರರ ದರ. ತರಗತಿಯಲ್ಲಿರುವ ಒಬ್ಬಿಬ್ಬರು ಮಾವೊರಿ ವಿದ್ಯಾರ್ಥಿಗಳ ಮೇಲೆ ಪ್ರಾರ್ಥನೆ, ಅನುವಾದ, ವಿವರಣೆ ಹೇರಬೇಡಿ. ಅವರೂ ಫೀಸು ಕಟ್ಟಿ ಕಲಿಯಲು ಬಂದವರೇ, ಕೆಲವರಿಗೆ ಭಾಷೆ ಮನೆಯಲ್ಲಿ ಸಿಕ್ಕಿರುವುದೂ ಇಲ್ಲ.

ಕೊನೆಗೆ ಪರಿಚಯದ 'ಪೆಪೆಹ'. ತನ್ನ ಬೆಟ್ಟ, ತನ್ನ ನದಿ, ತನ್ನ ಜನರ ಹೆಸರು ಹೇಳಿ ಆಮೇಲೆ ತನ್ನ ಹೆಸರು ಹೇಳುವ ಪದ್ಧತಿ. ಆಕ್ಲೆಂಡಿಗೆ ಓದಲು ಬಂದ ಕನ್ನಡದ ಹುಡುಗ ಅಲ್ಲಿನ ಬೆಟ್ಟವನ್ನು 'ಕೊ ... ತೆ ಮೌಙ' ಎಂದುಬಿಟ್ಟರೆ ವಂಶದ ಹಕ್ಕು ಹೇಳಿದಂತಾಗುತ್ತದೆ. ಬೆಟ್ಟದ ಹೆಸರಿನ ನಂತರ 'ತೆ ಮೌಙ ಎ ರೂ ನೆಇ ತಕು ಙಾಕೌ' ಎಂದರೆ 'ನನ್ನ ಎದೆಯನ್ನು ಅಲುಗಿಸುವ ಬೆಟ್ಟ' ಎಂದಾಯಿತು, ಹಕ್ಕು ಬರುವುದಿಲ್ಲ. ಊರು ಹೇಳಲು 'ನೋ ಈನಿಅ ಅಹೌ', ನಾನು ಭಾರತದವನು. ಈ ಸಾಲುಗಳ ಉಚ್ಚಾರಣೆಗೆ ಅಂಕ ಇಡಬೇಡಿ. ಅಂಕಗಳು 146 ಹೆಕ್ಟೇರಿನ ಕಡೆಗಿರಲಿ.