ಒಂದು ಪೊಟ್ಟಣಕ್ಕೆ ಎಷ್ಟು ನೀರು?

ಸಿಂಧನೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿ ಸೇರಿದ ಮೊದಲ ಬೇಸಿಗೆಯದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬರುವುದು ನಿಂತು, ಊರಿನವರು ಕೆರೆಯ ತಳದ ನೀರನ್ನೇ ಸೋಸಿ ಕುಡಿಯುತ್ತಿದ್ದ ದಿನಗಳಲ್ಲಿ ಎಂಟು ತಿಂಗಳ ಕೂಸೊಂದಕ್ಕೆ ವಾಂತಿ-ಭೇದಿ ಹತ್ತಿತು. ನಾನು ಭೇದಿಯಲ್ಲಿ ಕಳೆದ ನೀರು-ಉಪ್ಪನ್ನು ಮೈಗೆ ತುಂಬಿಕೊಡುವ ಓಆರ್‌ಎಸ್ ಪುಡಿಯ ಎರಡು ಪೊಟ್ಟಣ ಕೊಟ್ಟು, ನೀರಿನಲ್ಲಿ ಕಲಸಿ ಆಗಾಗ ಕುಡಿಸಿರೆಂದು ಹೇಳಿ, ವಹಿಯಲ್ಲಿ ಬರೆದುಕೊಂಡು ಮುಂದಿನ ಮನೆಗೆ ನಡೆದೆ. ಎಷ್ಟು ನೀರು ಎಂಬುದನ್ನು ನಾನು ಹೇಳಲಿಲ್ಲ.

ಮರುದಿನ ಹೋದಾಗ ಕೂಸಿನ ಕಣ್ಣು ಒಳಸೇರಿದ್ದವು. ಚಮಚ ತುಟಿಗೆ ತಾಗಿದರೆ ಸಾಕು, ಹಪಹಪಿಸಿ ಕುಡಿಯುತ್ತಿತ್ತು. ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುತ್ತಿತ್ತು. ಒಲೆಯ ಪಕ್ಕದ ಸ್ಟೀಲ್ ಲೋಟದಲ್ಲಿ, ಒಂದು ಲೀಟರ್ ನೀರಿಗೆ ಹಾಕಬೇಕಾದ ಇಡೀ ಪೊಟ್ಟಣವನ್ನು ಕಲಸಿಟ್ಟಿದ್ದರು. "ಗಟ್ಟಿ ಮಾಡಿದ್ರ ಲಗೂನ ಕಡಿಮಿ ಆಗತೈತಿ ಅಂದ್ಕೊಂಡೆ ಅಕ್ಕಾ" ಎಂದಳು ತಾಯಿ. ನಾಲಿಗೆಗೆ ಹಚ್ಚಿಕೊಂಡು ನೋಡಿದೆ. ಸರಿಯಾಗಿ ಕಲಸಿದ ಓಆರ್‌ಎಸ್ ಕಣ್ಣೀರಿಗಿಂತ ಉಪ್ಪಾಗಿರಬಾರದು. ಅದು ಗಂಟಲು ಕೆರೆಯುವಷ್ಟು ಉಪ್ಪಾಗಿತ್ತು.

ಕರುಳಿನ ಗೋಡೆ ಸಕ್ಕರೆಯನ್ನೂ ಉಪ್ಪನ್ನೂ ಜೊತೆಯಾಗಿ ಹೀರಿಕೊಳ್ಳುವಾಗ ನೀರೂ ಅವುಗಳ ಹಿಂದೆಯೇ ಒಳಗೆ ಹೋಗುತ್ತದೆ ಎಂಬುದರ ಮೇಲೆಯೇ ಈ ಔಷಧ ನಿಂತಿದೆ. ದ್ರಾವಣ ಗಟ್ಟಿಯಾದರೆ ಕೆಲಸ ತಿರುಗುಮುರುಗಾಗಿ, ಮೈಯೊಳಗಿನ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರಿ ಕೂಸಿಗೆ ಫಿಟ್ಸ್ ಬರುವ ಅಪಾಯವೂ ಇರುತ್ತದೆ. 108 ಕರೆಸಿ ದವಾಖಾನೆಗೆ ಕರೆದೊಯ್ದೆವು. ಕೂಸು ಉಳಿಯಿತು. ಆದರೆ ತಪ್ಪು ಆ ತಾಯಿಯದಲ್ಲ, ನನ್ನದು; ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನು ಆಕೆ ಓದಲಾರಳೆಂದು ನನಗೆ ತಿಳಿದಿತ್ತು.

ಅಂದಿನಿಂದ ಚೀಲದಲ್ಲಿ ಒಂದು ಲೀಟರಿನ ಖಾಲಿ ಬಾಟಲಿ ಇಟ್ಟುಕೊಂಡಿದ್ದೇನೆ. ಹೋದ ಮನೆಯ ಚರಗಿಯನ್ನೇ ತರಿಸಿ, ಕುದಿಸಿ ಆರಿಸಿದ ನೀರನ್ನು ಅಳೆದು ಹಾಕಿ, ಎಲ್ಲಿಗೆ ಬಂತೆಂದು ತಾಯಿಗೇ ಗುರುತು ಮಾಡಲು ಹೇಳಿ, ಪೊಟ್ಟಣವನ್ನು ಆಕೆಯ ಕೈಯಿಂದಲೇ ಕಲಸಿಸುತ್ತೇನೆ. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ. 24 ಗಂಟೆ ಮೀರಿದರೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಬೇಕು. ಎದೆಹಾಲು ಬಿಡಿಸಬಾರದು. ಆರು ತಿಂಗಳು ತುಂಬಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, ಭೇದಿ ನಿಂತರೂ 14 ದಿನ ಪೂರ್ತಿ. ಇದನ್ನು ಮೂರನೆಯ ದಿನಕ್ಕೇ ಬಿಡುವವರು ಬಹಳ, ಹೀಗಾಗಿ ನಾನು ಮಾತ್ರೆಯ ಪಟ್ಟಿಯನ್ನು ಕೇಳಿ ನೋಡುತ್ತೇನೆ. ಮಲದಲ್ಲಿ ರಕ್ತ ಕಂಡರೆ, ಉಚ್ಚೆ ನಿಂತರೆ, ಕೂಸು ಮಂಕಾಗಿ ಕುಡಿಯದಾದರೆ ನನ್ನ ದಾರಿ ಕಾಯದೆ ದವಾಖಾನೆಗೆ ಹೋಗಬೇಕೆಂದು ಅಜ್ಜಿಗೂ ಕೇಳಿಸುವಂತೆ ಹೇಳುತ್ತೇನೆ.

ಈಗ ಔಷಧದಂಗಡಿಗಳಲ್ಲಿ 200 ಮಿಲಿಲೀಟರ್ ನೀರಿಗೆ ಕಲಸುವ ಸಣ್ಣ ಪೊಟ್ಟಣಗಳೂ ಸಿಗುತ್ತಿರುವುದರಿಂದ ಚರಗಿಯ ಗುರುತೊಂದೇ ಸಾಲದಾಗಿದೆ. ಹೊರಗಿನಿಂದ ತಂದಿದ್ದಾರೆಂದರೆ ಮೊದಲು ಆ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಓದಿ, ಆಮೇಲೆ ಪಾತ್ರೆ ಕೇಳುತ್ತೇನೆ.