ಯೂದನ ಹಣೆಯಲ್ಲಿ ಬರೆದಿತ್ತೇ?

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಬುಧವಾರ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಮತ್ತಾಯನದು, 26ನೇ ಅಧ್ಯಾಯದ 14ರಿಂದ 25ರವರೆಗೆ. ಬರೀ ಹನ್ನೆರಡು ವಚನ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಯೂದ ಮುಖ್ಯಯಾಜಕರ ಹತ್ತಿರ ಹೋಗಿ ‘ಅವನನ್ನು ಒಪ್ಪಿಸಿದರೆ ಏನು ಕೊಡುತ್ತೀರಿ?’ ಎಂದು ಕೇಳುವಲ್ಲಿಂದ ವಾಚನ ಶುರುವಾಗುತ್ತದೆ. ಊಟದ ಪಂಕ್ತಿಯಲ್ಲಿ ಅವನೇ ‘ಗುರುವೇ, ನಾನೋ?’ ಎಂದು ಕೇಳುವಲ್ಲಿಗೆ, ಯೇಸುವಿನ ‘ನೀನೇ ಹೇಳಿದ್ದೀಯೆ’ ಎಂಬ ಉತ್ತರದೊಂದಿಗೆ ಮುಗಿಯುತ್ತದೆ. ಆ ಕಡೆ ಒಂದು ಪ್ರಶ್ನೆ, ಈ ಕಡೆ ಒಂದು ಪ್ರಶ್ನೆ, ಎರಡೂ ಯೂದನವೇ. ಬಹಳ ಹಿಂದಿನ ಕಾಲದಲ್ಲಿ ಕ್ರೈಸ್ತ ಸಭೆ ಬುಧವಾರ ಮತ್ತು ಶುಕ್ರವಾರ ಉಪವಾಸ ಹಿಡಿಯುತ್ತಿತ್ತು. ಶುಕ್ರವಾರ ಶಿಲುಬೆಯ ನೆನಪು, ಬುಧವಾರ ಈ ವ್ಯಾಪಾರದ ನೆನಪು ಎಂದು ಪೂರ್ವದ ಸಭೆಗಳು ಇಂದಿಗೂ ಕಲಿಸುತ್ತವೆ.

ವಾಚನ ಕೇಳಿ ಹೊರಬರುವವರ ಮನಸ್ಸಿನಲ್ಲಿ ಏಳುವ ಮಾತು ಒಂದೇ. ಎಲ್ಲ ಮೊದಲೇ ಬರೆದಿತ್ತಲ್ಲ, ಪಾಪ, ಯೂದ ತಾನೇ ಏನು ಮಾಡಿಯಾನು? ಅವನಿಲ್ಲದಿದ್ದರೆ ಶಿಲುಬೆ ಎಲ್ಲಿ, ರಕ್ಷಣೆ ಎಲ್ಲಿ?

ಕನ್ನಡದ ಕಿವಿಗೆ ಈ ಪ್ರಶ್ನೆ ಇನ್ನೂ ಸಲೀಸು. ‘ಬರೆದಿರುವ ಪ್ರಕಾರ’ ಎಂದ ಕೂಡಲೇ ನಮಗೆ ಹಣೆಬರಹ ನೆನಪಾಗುತ್ತದೆ. ಹುಟ್ಟಿದಂದೇ ಹಣೆಯ ಮೇಲೆ ಗೀಚಿಟ್ಟದ್ದು, ಅಳಿಸಲಾರದ್ದು. ಆದರೆ 24ನೇ ವಚನವನ್ನು ನಿಧಾನವಾಗಿ ಓದಬೇಕು. ಅಲ್ಲಿ ಎರಡು ಭಾಗಗಳಿವೆ. ನರಪುತ್ರನು (ಯೇಸು ತಮ್ಮನ್ನೇ ಕರೆದುಕೊಳ್ಳುವ ಹೆಸರು) ತನ್ನನ್ನು ಕುರಿತು ಬರೆದಿರುವ ಹಾಗೆ ಹೋಗುತ್ತಾನೆ ಎಂಬುದು ಮೊದಲನೆಯದು. ಆದರೆ ಅವನನ್ನು ಹಿಡಿದುಕೊಡುವವನಿಗೆ ಅಯ್ಯೋ, ಅವನು ಹುಟ್ಟದೆ ಇದ್ದಿದ್ದರೆ ಅವನಿಗೇ ಒಳ್ಳೆಯದಿತ್ತು ಎಂಬುದು ಎರಡನೆಯದು. ‘ಬರೆದಿರುವ’ ಎಂಬ ಮಾತು ಅಂಟಿಕೊಂಡಿರುವುದು ನರಪುತ್ರನಿಗೆ. ಯೂದನ ಭಾಗಕ್ಕೆ ಬಂದಿರುವುದು ‘ಅಯ್ಯೋ’. ಬೇರೆ ದಾರಿಯೇ ಇಲ್ಲದವನ ಮೇಲೆ ಆ ಅಯ್ಯೋಗೆ ಅರ್ಥವಿರುವುದಿಲ್ಲ.

ಯೊವಾನ್ನನ ಶುಭಸಂದೇಶ ಇಷ್ಟು ಸುಲಭಕ್ಕೆ ಬಿಡುವುದಿಲ್ಲ, ನಿಜ. ಅಲ್ಲಿ ಯೇಸು ಈ ದ್ರೋಹದ ಬಗ್ಗೆಯೇ ‘ಪವಿತ್ರಗ್ರಂಥದ ಮಾತು ನೆರವೇರಬೇಕು’ ಎನ್ನುತ್ತಾರೆ. ಯಾವ ಮಾತು? 41ನೇ ಕೀರ್ತನೆಯ 9ನೇ ವಚನ. ನನ್ನ ಅನ್ನ ಉಂಡ ಆಪ್ತನೇ ನನಗೆ ಕಾಲೆತ್ತಿದ ಎಂಬ ದಾವೀದನ ದುಃಖ. ಅದರಲ್ಲಿ ಯೂದನ ಹೆಸರೂ ಇಲ್ಲ, ಮುಂದೆ ಹೀಗಾಗುತ್ತದೆ ಎಂಬ ಭವಿಷ್ಯವೂ ಇಲ್ಲ. ಮಗ ಅಬ್ಷಾಲೋಮನ ದಂಗೆಯಲ್ಲಿ ದಾವೀದನನ್ನು ಬಿಟ್ಟುಹೋಗಿ, ಕೊನೆಗೆ ನೇಣು ಹಾಕಿಕೊಂಡ ಮಂತ್ರಿ ಅಹೀತೋಫೆಲನನ್ನು ಈ ಕೀರ್ತನೆಯೊಂದಿಗೆ ಸೇರಿಸಿ ನೋಡುವ ರೂಢಿ ಹಳೆಯದು. ಅಂದರೆ ಅದು ಒಮ್ಮೆ ನಡೆದುಹೋದ ಸಂಗತಿಯ ಅಚ್ಚು. ಉಂಡ ಮನೆಯ ಜಂತೆ ಎಣಿಸುವವರು ಆಗಲೂ ಇದ್ದರು, ಈಗಲೂ ಒಬ್ಬ ಅದೇ ಅಚ್ಚಿನೊಳಗೆ ತಾನಾಗಿ ಇಳಿದ.

ಮೊದಲೇ ತಿಳಿದಿರುವುದು ಬೇರೆ, ಬಲವಂತ ಮಾಡುವುದು ಬೇರೆ. ಯೇಸು ಮುಂಚೆಯೇ ಹೇಳಿಬಿಟ್ಟದ್ದರಿಂದ ಅದು ನಡೆಯಲೇಬೇಕಾಯಿತು ಎಂದು 2ನೇ ಶತಮಾನದ ಕೆಲ್ಸುಸ್ ಎಂಬ ಟೀಕಾಕಾರ ಕೆಣಕಿದ್ದ. ಅವನಿಗೆ 3ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಜೆನ್ ಉತ್ತರ ಕೊಟ್ಟರು. ಮುನ್ನುಡಿದವನು ಘಟನೆಗೆ ಕಾರಣನಲ್ಲ, ನಡೆಯಲಿರುವ ಘಟನೆಯೇ ಮುನ್ನುಡಿಗೆ ಕಾರಣ ಎಂಬುದು ಅವರ ವಾದದ ಸಾರ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಹೇಳುವುದಾದರೆ, ಪಂಚಾಂಗದಲ್ಲಿ ಬರೆದಿದೆ ಅಂತ ಗ್ರಹಣ ಹಿಡಿಯುವುದಿಲ್ಲ, ಗ್ರಹಣ ಹಿಡಿಯುತ್ತದೆ ಅಂತ ಪಂಚಾಂಗದಲ್ಲಿ ಬರೆದಿರುತ್ತದೆ. ಈ ಹೋಲಿಕೆ ಅರ್ಧ ದಾರಿಗಷ್ಟೇ ಬರುತ್ತದೆ. ಚಂದ್ರನಿಗೆ ಮನಸ್ಸಿಲ್ಲ, ಯೂದನಿಗಿತ್ತು.

ಆ ಮನಸ್ಸು ಎಲ್ಲೆಲ್ಲಿ ತಿರುಗಬಹುದಿತ್ತು ಎಂಬುದನ್ನು ಶುಭಸಂದೇಶಗಳು ಹೆಜ್ಜೆ ಹೆಜ್ಜೆಗೂ ದಾಖಲಿಸಿವೆ. ಮೊದಲು ಬೆಥಾನಿಯದ ಊಟ. ಮರಿಯ ಸುಮಾರು 325 ಗ್ರಾಂ ಜಟಾಮಾಂಸಿ ತೈಲವನ್ನು ಯೇಸುವಿನ ಪಾದಕ್ಕೆ ಸುರಿಯುತ್ತಾಳೆ. 300 ದಿನಾರಿ ಬಾಳುತ್ತಿತ್ತಲ್ಲ, ಬಡವರಿಗೆ ಕೊಡಬಹುದಿತ್ತಲ್ಲ ಎನ್ನುತ್ತಾನೆ ಯೂದ. ಹಣದ ಚೀಲ ಅವನ ಕೈಯಲ್ಲಿತ್ತು, ಅದರಲ್ಲಿ ಕದಿಯುತ್ತಿದ್ದ ಎಂದು ಯೊವಾನ್ನ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಆಮೇಲೆ 30 ಬೆಳ್ಳಿ ನಾಣ್ಯ. ಎತ್ತು ಹಾಯ್ದು ಒಬ್ಬ ಗುಲಾಮ ಸತ್ತರೆ ಅವನ ಯಜಮಾನನಿಗೆ ತೆರಬೇಕಾದ ಬೆಲೆಯೆಂದು ವಿಮೋಚನಕಾಂಡ 21:32 ಗೊತ್ತುಮಾಡಿದ್ದೂ 30 ಶೆಕೆಲ್ ಬೆಳ್ಳಿಯನ್ನೇ. ಮತ್ತಾಯ ನಾಣ್ಯದ ಹೆಸರು ಹೇಳುವುದಿಲ್ಲ. ದೇವಾಲಯದ ತೆರಿಗೆಗೆ ಒಪ್ಪುತ್ತಿದ್ದ ಟೈರ್ ಪಟ್ಟಣದ ಶೆಕೆಲ್ ಆಗಿದ್ದರೆ ಒಂದೊಂದು ಸುಮಾರು 14 ಗ್ರಾಂ, ಒಟ್ಟು 420 ಗ್ರಾಂ ಬೆಳ್ಳಿ. ಒಂದಕ್ಕೆ ನಾಲ್ಕು ದಿನಾರಿಯಂತೆ 120 ದಿನಾರಿ, ಅಂದರೆ ಕೂಲಿಯಾಳಿನ ನಾಲ್ಕು ತಿಂಗಳ ಸಂಬಳ. ಪಾದಕ್ಕೆ ಸುರಿದ ತೈಲದ ಅರ್ಧ ಬೆಲೆಯೂ ಇಲ್ಲ. ಚೀಲ ನೋಡಿಕೊಳ್ಳುತ್ತಿದ್ದವನು ವ್ಯಾಪಾರದಲ್ಲೂ ಸೋತ.

ಹಣ ಕೈಗೆ ಬಂದ ಮೇಲೂ ಕೆಲಸ ಆಗಿಹೋಗಲಿಲ್ಲ. ‘ಅಂದಿನಿಂದ ಸಮಯ ಕಾಯುತ್ತಿದ್ದ’ ಎನ್ನುತ್ತಾನೆ ಮತ್ತಾಯ. ಕಾಯುವುದೆಂದರೆ ದಿನಗಳು. ಒಂದೊಂದು ದಿನವೂ ಒಂದು ತೆರೆದ ಬಾಗಿಲು.

ಇಲ್ಲಿ ಬಹಳ ಜನ ಗಮನಿಸದೆ ದಾಟಿಹೋಗುವ ಸಂಗತಿಯೊಂದಿದೆ. ಯೆಹೂದ್ಯರ ಹಬ್ಬವಾದ ಪಸ್ಕದ ಊಟ ಎಲ್ಲಿ ಎಂಬುದನ್ನು ಯೇಸು ಶಿಷ್ಯರಿಗೆ ಮೊದಲೇ ಹೇಳಲಿಲ್ಲ. ಇಬ್ಬರನ್ನು ಊರೊಳಕ್ಕೆ ಕಳಿಸಿ, ನೀರಿನ ಕೊಡ ಹೊತ್ತ ಗಂಡಸೊಬ್ಬ ಎದುರಾಗುತ್ತಾನೆ, ಅವನ ಹಿಂದೆ ಹೋಗಿ ಎಂದರು. ನೀರು ಹೊರುವುದು ಹೆಂಗಸರ ಕೆಲಸವಾಗಿದ್ದ ಊರಿನಲ್ಲಿ ಅದು ಸುಲಭದ ಗುರುತು. ಹೀಗಾಗಿ ಊಟದ ಮನೆಯ ವಿಳಾಸ ಯೂದನಿಗೆ ಮುಂಚಿತವಾಗಿ ಸಿಗಲಿಲ್ಲ, ಅಲ್ಲಿಗೆ ಕಾವಲುಗಾರರನ್ನು ಕರೆತರುವ ಹಾಗೂ ಇರಲಿಲ್ಲ. ಆದರೆ ಊಟವಾದ ಮೇಲೆ ಯೇಸು ಹೋದದ್ದು ಎಲ್ಲಿಗೆ? ಎಂದಿನ ಜಾಗಕ್ಕೆ, ಯೂದನಿಗೆ ಚೆನ್ನಾಗಿ ಗೊತ್ತಿದ್ದ ತೋಟಕ್ಕೆ. ಊಟಕ್ಕೆ ಬೀಗ ಹಾಕಿದರು, ತೋಟಕ್ಕೆ ಹಾಕಲಿಲ್ಲ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತನ್ನ ದೇಹ ಇದು, ತನ್ನ ರಕ್ತ ಇದು ಎಂದು ತಾವಾಗಿ ಕೊಟ್ಟ ಮೇಲೆಯೇ ಹಿಡಿಯುವವರಿಗೆ ದಾರಿ ಬಿಟ್ಟರು. ದೇವರ ಯೋಜನೆ ಎಂಬುದನ್ನು ಹುಡುಕುವವರು ಹುಡುಕಬೇಕಾದದ್ದು ಈ ಕೊಡುವಿಕೆಯಲ್ಲಿ. ಯೂದನ ಚೀಲದಲ್ಲಿ ಅದು ಸಿಗುವುದಿಲ್ಲ. ಯಾಜಕರ ಯೋಜನೆಯಂತೂ ತಲೆಕೆಳಗಾಗಿತ್ತು. ಹಬ್ಬದಲ್ಲಿ ಬೇಡ, ಜನ ದಂಗೆ ಎದ್ದಾರು ಎಂದುಕೊಂಡಿದ್ದವರು ಹಬ್ಬದಲ್ಲೇ ಹಿಡಿದರು.

ಆ ಪಂಕ್ತಿಯಲ್ಲಿ ಇನ್ನೂ ಎರಡು ಬಾಗಿಲು ತೆರೆದಿದ್ದವು. ಹನ್ನೆರಡು ಮಂದಿಯ ಪಾದ ತೊಳೆದಾಗ ಯೂದ ಇನ್ನೂ ಎದ್ದುಹೋಗಿರಲಿಲ್ಲ. ಅವನ ಪಾದಗಳನ್ನೂ ಯೇಸು ಅದೇ ನೀರಿನಲ್ಲಿ ತೊಳೆದರು, ಅದೇ ವಸ್ತ್ರದಲ್ಲಿ ಒರೆಸಿದರು. ಎರಡನೆಯದು ಅದ್ದಿಕೊಟ್ಟ ತುತ್ತು. ಊಟ ಬಡಿಸುವವನು ಕೈಯಾರೆ ತುತ್ತು ಕೊಡುವುದು ಅತಿಥಿಗೆ ತೋರುವ ಪ್ರೀತಿ. ಅದೇ ತುತ್ತಿನಲ್ಲಿ ದ್ರೋಹಿಯ ಗುರುತೂ ಇತ್ತು, ಆದರೆ ಅದನ್ನು ತಿಳಿದವರು ಕಡಿಮೆ. ‘ಮಾಡುವುದನ್ನು ಬೇಗ ಮಾಡು’ ಎಂದು ಯೇಸು ಹೇಳಿದಾಗ ಹಬ್ಬದ ಸಾಮಾನು ತರಲೋ ಬಡವರಿಗೆ ಕೊಡಲೋ ಹೇಳಿದರು ಎಂದುಕೊಂಡವರೂ ಇದ್ದರು. ಶಿಷ್ಯರ ಬಳಿ ಅಂದು ಎರಡು ಕತ್ತಿಗಳಿದ್ದವು ಎಂದು ಲೂಕ ಬರೆಯುತ್ತಾನೆ. ಹೆಸರು ಹಿಡಿದು ಕೂಗಿ ಹೇಳಿದ್ದರೆ ಪೇತ್ರನ ಕತ್ತಿ ಮುಂದೆ ತೋಟದಲ್ಲಿ ಆದಂತೆ ಆಳೊಬ್ಬನ ಕಿವಿಗೆ ನಿಲ್ಲುತ್ತಿರಲಿಲ್ಲ. ಯೇಸು ಕೊನೆಯವರೆಗೂ ಅವನ ಮಾನ ಕಾಯ್ದರು, ಹಿಂದಿರುಗುವ ದಾರಿಯನ್ನೂ ಕಾಯ್ದರು. ತೋಟದಲ್ಲಿ ಮುತ್ತಿಟ್ಟವನನ್ನೂ ‘ಗೆಳೆಯಾ’ ಎಂದರು.

‘ಸೈತಾನ ಅವನೊಳಗೆ ಹೊಕ್ಕ’ ಎಂಬ ಮಾತನ್ನು ಹಿಡಿದು ಯೂದನನ್ನು ಬಿಡಿಸಲು ಹೊರಡುವವರೂ ಇದ್ದಾರೆ. ಲೂಕ ಅದನ್ನು ಹಣದ ಮಾತಿಗೆ ಮೊದಲು ಹೇಳುತ್ತಾನೆ, ಯೊವಾನ್ನ ತುತ್ತು ಕೊಟ್ಟ ಮೇಲೆ ಹೇಳುತ್ತಾನೆ. ಚೀಲದ ಕಳ್ಳತನ ಇವೆರಡಕ್ಕೂ ಹಿಂದಿನದು. ಹೊಕ್ಕವನಿಗೆ ಅಗುಳಿ ತೆಗೆದುಕೊಟ್ಟವರು ಯಾರು ಎಂಬುದನ್ನು ಅಲ್ಲೇ ನೋಡಬಹುದು.

ಈಗ ಪದವೊಂದರ ವಿಚಾರ. ನಮ್ಮ ಬೈಬಲ್ ಅನುವಾದಗಳಲ್ಲಿ ‘ಹಿಡಿದುಕೊಡು’ ಎಂದೂ ಇದೆ, ‘ಗುರುದ್ರೋಹ’ ಎಂದೂ ಇದೆ. ಗುರುದ್ರೋಹ ನಮ್ಮಲ್ಲಿ ಮಹಾಪಾತಕದ ತೂಕದ ಮಾತು, ಎದೆಗೆ ನಾಟುತ್ತದೆ. ಆದರೆ ಗ್ರೀಕ್ ಮೂಲದ ‘ಪರದಿದೋಮಿ’ಗೆ ‘ಒಪ್ಪಿಸಿಕೊಡು’ ಎಂಬುದೇ ಹತ್ತಿರ. ಯೂದನನ್ನು ನೇರವಾಗಿ ‘ದ್ರೋಹಿ’ ಎನ್ನುವ ಬೇರೆ ಗ್ರೀಕ್ ಪದ ಅವನ ಹೆಸರಿನೊಂದಿಗೆ ಬರುವುದು ಒಂದೇ ಕಡೆ, ಲೂಕ 6:16ರಲ್ಲಿ. ಒಪ್ಪಿಸುವ ಆ ಕ್ರಿಯಾಪದವನ್ನು ಬೆನ್ನಟ್ಟಿದರೆ ಯೇಸುವಿನ ಪಾಡಿನ ಕಥೆಯೆಲ್ಲ ಅದರ ಹಿಂದೆಯೇ ಬರುತ್ತದೆ. ಯೂದ ಯಾಜಕರಿಗೆ ಒಪ್ಪಿಸಿದ, ಯಾಜಕರು ರೋಮನ್ ಅಧಿಪತಿ ಪಿಲಾತನಿಗೆ ಒಪ್ಪಿಸಿದರು, ಪಿಲಾತ ಶಿಲುಬೆಗೆ ಒಪ್ಪಿಸಿದ. ರೋಮನರಿಗೆ ಬರೆದ ಪತ್ರದಲ್ಲಿ (8:32) ಪೌಲ ಅದೇ ಕ್ರಿಯಾಪದದಿಂದ ತಂದೆಯು ಮಗನನ್ನು ನಮಗಾಗಿ ಒಪ್ಪಿಸಿದರು ಎನ್ನುತ್ತಾನೆ. ಗಲಾತ್ಯರಿಗೆ ಬರೆದದ್ದರಲ್ಲಿ (2:20) ಮಗ ತನ್ನನ್ನೇ ಒಪ್ಪಿಸಿಕೊಂಡರು ಎನ್ನುತ್ತಾನೆ. ಕೈ ಐದು, ಕ್ರಿಯೆಯ ಹೆಸರು ಒಂದು, ಮನಸ್ಸು ಬೇರೆ ಬೇರೆ. ಒಬ್ಬನದು ಹಣ, ಕೆಲವರದು ಹೊಟ್ಟೆಕಿಚ್ಚು, ಒಬ್ಬನದು ಕುರ್ಚಿಯ ಭಯ, ತಂದೆಯದೂ ಮಗನದೂ ಪ್ರೀತಿ. ಮೇಲಿನ ಕೈ ಕೆಳಗಿನ ಕೈಗಳ ಪಾಪವನ್ನು ತನ್ನದು ಮಾಡಿಕೊಳ್ಳಲಿಲ್ಲ, ಅವುಗಳನ್ನು ತಡೆದು ನಿಲ್ಲಿಸಲೂ ಇಲ್ಲ.

ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮದ ದಿನ ಪೇತ್ರ ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟ. ದೇವರ ನಿಶ್ಚಿತ ಸಂಕಲ್ಪದಂತೆ ಒಪ್ಪಿಸಲ್ಪಟ್ಟವನನ್ನು ನೀವು ಅಧರ್ಮಿಗಳ ಕೈಯಿಂದ ಕೊಲ್ಲಿಸಿದಿರಿ ಎಂದ. ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ಬಿಡಿಸಲು ಹೊರಟವರ ಒಂದು ತುದಿಗೆ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ಗಡಿ ಹಾಕಿತು. 1547ರ ಜನವರಿಯ ಆರನೇ ಅಧಿವೇಶನದಲ್ಲಿ, ಪೌಲನಿಗೆ ಬಂದ ಕರೆ ದೇವರ ಕೆಲಸವಾಗಿರುವಂತೆಯೇ ಯೂದನ ದ್ರೋಹವೂ ದೇವರದೇ ಕೆಲಸ ಎನ್ನುವ ಬೋಧನೆಯನ್ನು ಅದು ಖಂಡಿಸಿತು. ದೇವರು ಅದಕ್ಕೆ ಎಡೆಗೊಟ್ಟರು, ಆದರೆ ಮಾಡಿಸಲಿಲ್ಲ. ಕಥೋಲಿಕ ಧರ್ಮೋಪದೇಶ (600ನೇ ಪರಿಚ್ಛೇದ) ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ದೇವರಿಗೆ ಎಲ್ಲ ಕಾಲವೂ ಈಗಲೇ. ಆದ್ದರಿಂದ ಅವರ ಶಾಶ್ವತ ಯೋಜನೆಯಲ್ಲಿ ಪ್ರತಿಯೊಬ್ಬನೂ ಸ್ವತಂತ್ರವಾಗಿ ಕೊಡುವ ಉತ್ತರ ಸೇರಿಯೇ ಇರುತ್ತದೆ.

ಹಳೇ ಒಡಂಬಡಿಕೆಯಲ್ಲಿ ಇದಕ್ಕೊಂದು ಪೂರ್ವರಂಗವಿದೆ. ಯಾಕೋಬನ ಮಗ ಜೋಸೆಫನನ್ನು ಅಣ್ಣಂದಿರು ಮಾರಿದ್ದು 20 ಬೆಳ್ಳಿಗೆ, ಮಾರೋಣ ಎಂದು ಸೂಚಿಸಿದ ಅಣ್ಣನ ಹೆಸರು ಯೆಹೂದ. ಗ್ರೀಕಿನಲ್ಲಿ ಬರೆದರೆ ಯೆಹೂದನೂ ಯೂದನೂ ಒಂದೇ ಹೆಸರು. ನೀವು ಕೇಡು ಎಣಿಸಿದಿರಿ, ದೇವರು ಅದರಿಂದ ಒಳಿತನ್ನು ಎಣಿಸಿದರು ಎಂದು ಕೊನೆಗೆ ಜೋಸೆಫ ಹೇಳುತ್ತಾನೆ. ಅಣ್ಣಂದಿರ ತಪ್ಪು ತಪ್ಪೇ ಆಗಿ ಉಳಿಯುತ್ತದೆ. ಆದರೆ ಆ ಯೆಹೂದ ಮುಂದೆ ತಮ್ಮನಿಗಾಗಿ ತಾನೇ ಗುಲಾಮನಾಗಿ ನಿಲ್ಲಲು ಸಿದ್ಧನಾದ. ಈ ಯೂದ ಅಷ್ಟು ಹೊತ್ತು ಉಳಿಯಲಿಲ್ಲ.

ಮತ್ತಾಯ 27ನೇ ಅಧ್ಯಾಯ ಓದುವಾಗ ಎದೆ ಬಿರಿಯುವುದು ಅಲ್ಲಿ. ಪಾಪನಿವೇದನೆಗೆ ಬೇಕಾದ ಮೂರೂ ಯೂದನಲ್ಲಿದ್ದವು. ಪಶ್ಚಾತ್ತಾಪಪಟ್ಟ, ‘ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿ ಪಾಪಗೈದೆ’ ಎಂದು ಬಾಯಿಬಿಟ್ಟು ಹೇಳಿದ, 30 ನಾಣ್ಯವನ್ನೂ ಹಿಂದಿರುಗಿಸಿದ. ಕೇಳಿಸಿಕೊಳ್ಳಬೇಕಾದ ಯಾಜಕರು ‘ಅದರಿಂದ ನಮಗೇನು? ನೀನೇ ನೋಡಿಕೋ’ ಎಂದರು. ಪಾಪನಿವೇದನೆ ಕೇಳುವ ಗುರುಗಳು ವರ್ಷಕ್ಕೊಮ್ಮೆಯಾದರೂ ಈ ಒಂದು ಸಾಲನ್ನು ಓದಿಕೊಳ್ಳಬೇಕು. ಅದೇ ರಾತ್ರಿ ಪೇತ್ರನೂ ಮೂರು ಸಲ ನಿರಾಕರಿಸಿದ. ಅದನ್ನೂ ಯೇಸು ಮುಂಚೆಯೇ ಹೇಳಿದ್ದರು. ಮುನ್ನುಡಿ ಇಬ್ಬರಿಗೂ ಇತ್ತು, ಬಿದ್ದದ್ದೂ ಇಬ್ಬರೂ. ಪೇತ್ರನ ಕಣ್ಣಿಗೆ ತಿರುಗಿ ನೋಡಿದ ಪ್ರಭುವಿನ ಮುಖ ಬಿತ್ತು. ಯೂದ ಹೋದದ್ದು ದೇವಾಲಯಕ್ಕೆ, ಶಿಲುಬೆಯ ಗುಡ್ಡ ಗೊಲ್ಗೊಥಕ್ಕೆ ಹೋಗಲಿಲ್ಲ.

ಧ್ಯಾನಕ್ಕೆ ಕೂರುವವರು ಎಡವುವುದು ನಾಲ್ಕೂ ಶುಭಸಂದೇಶಗಳನ್ನು ಕಲಸಿ ಒಂದೇ ಕಥೆ ಮಾಡಿಕೊಂಡಾಗ. 30ರ ಲೆಕ್ಕ ಕೊಡುವವನು ಮತ್ತಾಯ ಮಾತ್ರ. ಅದ್ದಿದ ತುತ್ತನ್ನು ಯೂದನ ಕೈಗೇ ಕೊಡುವುದೂ, ಚೀಲದ ಕಳ್ಳತನವೂ ಯೊವಾನ್ನನಲ್ಲಿ ಮಾತ್ರ, ಅವನಲ್ಲಿ ಮುತ್ತೇ ಇಲ್ಲ. ಮತ್ತಾಯನಲ್ಲಿ ಯೂದ ನೇಣು ಹಾಕಿಕೊಳ್ಳುತ್ತಾನೆ, ಕುಂಬಾರನ ಹೊಲವನ್ನು ಯಾಜಕರು ಕೊಳ್ಳುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಹೊಲ ಕೊಂಡವನು ಯೂದನೇ, ಅಲ್ಲಿ ಬಿದ್ದು ಹೊಟ್ಟೆಯೊಡೆದು ಸಾಯುತ್ತಾನೆ. ಒಂದು ದಿನಕ್ಕೆ ಒಬ್ಬನನ್ನೇ ಓದುವುದು ಮೇಲು. ಸೋಮವಾರ ಯೊವಾನ್ನ 12ರ ತೈಲ, ಮಂಗಳವಾರ ಯೊವಾನ್ನ 13ರ ತುತ್ತು, ಬುಧವಾರ ಮತ್ತಾಯನ ವ್ಯಾಪಾರ, ಗುರುವಾರ ಪಾದ ತೊಳೆದದ್ದು ಎಂದು ಪೂಜೆಯ ವಾಚನಕ್ರಮವೇ ಹಂಚಿಕೊಟ್ಟಿದೆ. ಇದಕ್ಕಿಂತ ದೊಡ್ಡ ಎಡವಟ್ಟು ಯೂದನ ಹೆಸರನ್ನು ಇಡೀ ಯೆಹೂದ್ಯ ಜನದ ತಲೆಗೆ ಕಟ್ಟುವುದು. ಯೂರೋಪಿನಲ್ಲಿ ಶತಮಾನಗಟ್ಟಲೆ ಅದರಿಂದ ರಕ್ತ ಹರಿಯಿತು. ಆ ಜನಾಂಗದ ಮೇಲೆ ದೋಷ ಹೊರಿಸಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿತು. ಪಂಕ್ತಿಯಲ್ಲಿದ್ದ ಹನ್ನೆರಡೂ ಮಂದಿ ಯೆಹೂದ್ಯರೇ, ಯೇಸುವೂ.

ಬುಧವಾರದ ವಾಚನವನ್ನು ಓದುವವರು 22 ಮತ್ತು 25ನೇ ವಚನಗಳ ವ್ಯತ್ಯಾಸವನ್ನು ದನಿಯಲ್ಲಿ ತೋರಿಸಿದರೆ ಸಾಕು. ಉಳಿದವರು ‘ಸ್ವಾಮೀ, ನಾನೋ?’ ಎಂದರು. ಯೂದ ‘ಗುರುವೇ, ನಾನೋ?’ ಎಂದ. ಉಳಿದವರು ನಿಜವಾಗಿಯೂ ತಿಳಿಯದೆ ಕೇಳಿದರು. ತಾವೂ ಹಾಗೆ ಮಾಡಿಬಿಡಬಹುದು ಎಂಬ ಅಂಜಿಕೆ ಅವರಿಗಿತ್ತು. ಎಲ್ಲ ಬರೆದಾಗಿದೆ ಎಂದು ನಂಬಿದವರು ಕೇಳುವ ಪ್ರಶ್ನೆಯಲ್ಲ ಅದು.

ಹಳೆಯ ಲತೀನ್ ಕ್ರಮದಲ್ಲಿ ಗುರುವಾರದ ಪೂಜೆಯಲ್ಲಿ ಶಾಂತಿಯ ಮುತ್ತನ್ನು ಬಿಟ್ಟುಬಿಡುತ್ತಿದ್ದರು. ಆ ರಾತ್ರಿ ಮುತ್ತಿಟ್ಟವನು ಯಾರು ಎಂಬ ನೆನಪಿಗೆ. ಈಗಿನ ಕ್ರಮದಲ್ಲಿ ಶಾಂತಿಯ ಕುರುಹು ಗುರುವಾರವೂ ಇದೆ. 1969ರಲ್ಲಿ ಭಾರತದ ಸಭೆಗೆ ಸಿಕ್ಕ ಅನುಮತಿಯಂತೆ ನಮ್ಮ ದೇವಾಲಯಗಳಲ್ಲಿ ಅದನ್ನು ಕೈಮುಗಿದು ಕೊಡುತ್ತಾರೆ. ಆ ಪೂಜೆಯಲ್ಲಿ ಗುರುಗಳಿಂದ ಪಾದ ತೊಳೆಸಿಕೊಂಡ ಹನ್ನೆರಡು ಮಂದಿ ಇನ್ನೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಪಕ್ಕದವನ ಕಡೆಗೆ ತಿರುಗಿ, ಎರಡೂ ಕೈ ಜೋಡಿಸಿ, ಶಾಂತಿ ಎನ್ನುತ್ತಾರೆ.