‘ಅದೆಲ್ಲ ಕಾಪಿ ಅಲ್ವಾ?’

ಬ್ಯಾಂಕಾಕ್‌ಗೆ ಬಂದು ಒಂಬತ್ತು ವರ್ಷವಾಯಿತು. ಕೆಲಸ ಬೇರೆ, ಹುಚ್ಚು ಬೇರೆ. ರಜೆ ಸಿಕ್ಕರೆ ಚಿತ್ರ ನೋಡಲು ಹೋಗುತ್ತೇನೆ. ಅದು ಗೊತ್ತಿರುವುದರಿಂದ ಊರಿಂದ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ‘ಥಾಯ್ ಮಾಡರ್ನ್ ಆರ್ಟ್ ಅಂದ್ರೆ ಏನು? ಅದೂ ವಿದೇಶದವರ ಕಾಪಿ ತಾನೇ?’

ಆ ‘ತಾನೇ’ ಇದೆಯಲ್ಲ, ಅದಕ್ಕೇ ನನಗೆ ಮೈ ಉರಿಯುವುದು. ಗೊತ್ತಿಲ್ಲ ಅಂತ ಕೇಳುವವರಿಗೆ ನಾನು ಒಂದು ಗಂಟೆ ಬೇಕಾದರೂ ಹೇಳುತ್ತೇನೆ. ಉತ್ತರ ಜೇಬಿನಲ್ಲಿಟ್ಟುಕೊಂಡು ಬಂದು, ಸೀಲು ಒತ್ತಿಸಿಕೊಂಡು ಹೋಗುವವರಿಗೆ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಹಾಗಾಗಿ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಲಿಂಕ್ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಹೋದ ವರ್ಷ ಭಾವ ಮೈಸೂರಿನಿಂದ ಬಂದಿದ್ದರು. ಅಕ್ಕ, ಮಕ್ಕಳು, ಜೊತೆಗೆ ಅಕ್ಕನ ಅತ್ತೆ. ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು. ಕೆ.ಆರ್. ಪೇಟೆ ಕಡೆಯವರು, ನಲವತ್ತು ವರ್ಷ ಭತ್ತದ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು. ಅರಮನೆ ನೋಡಿ ಸುಸ್ತಾಗಿ, ಎದುರಿಗೇ ಇರುವ ಸಿಲ್ಪಾಕೊನ್ ವಿಶ್ವವಿದ್ಯಾಲಯದ ಆವರಣಕ್ಕೆ ಎಲ್ಲರನ್ನೂ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಬಿಳಿಯ ಮನುಷ್ಯನ ಪ್ರತಿಮೆ ಇದೆ. ಭಾವ ಫೋನ್ ತೆಗೆದು ಹುಡುಕಿದರು. ಎರಡು ನಿಮಿಷ ಓದಿದರು. ಮುಖ ಅರಳಿತು.

‘ನೋಡಮ್ಮಾ, ನಾನು ಹೇಳಿದ್ದೇ ಸರಿ. ಇಟಲಿಯವನಂತೆ! ಇವನೇ ಇವರಿಗೆಲ್ಲ ಕಲಿಸಿದ್ದಂತೆ. ಅಂದ್ರೆ ಎಲ್ಲ ಕಾಪಿನೇ.’

ಕಟ್ಟೆ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದ ಅತ್ತೆ ತಲೆ ಎತ್ತಿ, ‘ಕಾಪಿನಾ? ನಂಗೂ ಒಂದು ಅರ್ಧ ಲೋಟ, ಸಕ್ಕರೆ ಕಮ್ಮಿ’ ಅಂದರು.

ಎಲ್ಲರೂ ನಕ್ಕೆವು. ನಾನು ನಗುತ್ತಲೇ ಭಾವನಿಗೆ ಕೇಳಿದೆ, ‘ನಿಮ್ಮ ಮೈಸೂರು ಅರಮನೆಯ ನಕ್ಷೆ ಮಾಡಿದ್ದು ಯಾರು?’ ಹೆನ್ರಿ ಇರ್ವಿನ್. ಬ್ರಿಟಿಷ್ ವಾಸ್ತುಶಿಲ್ಪಿ. ಅದನ್ನು ಯಾರಾದರೂ ಕಾಪಿ ಅನ್ನುತ್ತಾರಾ? ದಸರಾ ದೀಪ ಹತ್ತಿದಾಗ ‘ನಮ್ಮ ಅರಮನೆ’ ಅಂತ ಎದೆ ಉಬ್ಬಿಸುವುದಿಲ್ಲವಾ? ಭಾವ ‘ಅದು ಬೇರೆ’ ಅಂದರು. ಯಾವಾಗಲೂ ‘ಅದು ಬೇರೆ’.

ಸರಿ, ಉತ್ತರಕ್ಕೆ ಬರುತ್ತೇನೆ.

ಆ ಪ್ರತಿಮೆಯ ಮನುಷ್ಯ ಕೊರಾಡೊ ಫೆರೋಚಿ. ಫ್ಲಾರೆನ್ಸ್‌ನವರು, ಶಿಲ್ಪಿ. 1923ರಲ್ಲಿ ಇಲ್ಲಿನ ದೊರೆ ಆರನೇ ರಾಮನ ಸರ್ಕಾರ ಕರೆಸಿಕೊಂಡಿತು. ಇವರು ಶುರು ಮಾಡಿದ ಕಲಾಶಾಲೆಯೇ 1943ರಲ್ಲಿ ಸಿಲ್ಪಾಕೊನ್ ವಿಶ್ವವಿದ್ಯಾಲಯವಾಯಿತು. ಮಹಾಯುದ್ಧದಲ್ಲಿ ಇಟಲಿ ಶರಣಾದ ಮೇಲೆ ಇಲ್ಲಿದ್ದ ಜಪಾನಿ ಸೈನ್ಯ ಇಟಲಿಯವರನ್ನು ಹಿಡಿಯತೊಡಗಿತು. ಇವರು 1944ರಲ್ಲಿ ಥಾಯ್ ಪ್ರಜೆಯಾಗಿ ಸಿಲ್ಪ ಭೀರಶ್ರೀ ಅಂತ ಹೆಸರು ಬದಲಿಸಿಕೊಂಡರು. ‘ಸಿಲ್ಪ’ ಅಂದರೆ ನಮ್ಮ ಶಿಲ್ಪವೇ. ಇವರನ್ನು ಇಲ್ಲಿನವರು ‘ಅಜಾನ್’ ಅನ್ನುತ್ತಾರೆ, ಅದು ನಮ್ಮ ಆಚಾರ್ಯ. 1962ರಲ್ಲಿ ಇಲ್ಲೇ ತೀರಿಕೊಂಡರು. ಪ್ರತಿ ಸೆಪ್ಟೆಂಬರ್ 15, ಅವರ ಹುಟ್ಟಿದ ದಿನ, ವಿದ್ಯಾರ್ಥಿಗಳು ಪ್ರತಿಮೆಗೆ ಹೂವಿಟ್ಟು ‘ಸಾಂತಾ ಲುಚಿಯಾ’ ಹಾಡುತ್ತಾರೆ. ಅದು ಇಟಲಿಯ ಹಾಡು, ನಿಜ. ಹಾಡುವವರ ಕಣ್ಣಲ್ಲಿ ನೀರು ಯಾವ ದೇಶದ್ದು ಅಂತ ನಾನು ವಿಚಾರಿಸಲು ಹೋಗಿಲ್ಲ.

ಆದರೆ ಕಥೆ ಇವರಿಂದ ಶುರುವಾಗಲಿಲ್ಲ. ಇವರು ಬರುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ, ನಾಲ್ಕನೇ ರಾಮನ ಕಾಲದಲ್ಲಿ, ಖ್ರುವಾ ಇನ್ ಖೊಂಗ್ ಅಂತ ಒಬ್ಬ ಬೌದ್ಧ ಭಿಕ್ಷು ಇದ್ದ. ಯುರೋಪಿಗೆ ಹೋದವನಲ್ಲ. ಅಲ್ಲಿಂದ ಬಂದ ಅಚ್ಚಿನ ಚಿತ್ರಗಳನ್ನು ನೋಡಿ ದೂರ, ನೆರಳು, ಆಳ ತೋರಿಸುವುದನ್ನು ಕಲಿತ. ಕಲಿತು ಏನು ಬರೆದ? ಬ್ಯಾಂಕಾಕ್‌ನ ಬೌದ್ಧ ಗುಡಿಗಳ ಗೋಡೆಯ ಮೇಲೆ ದೊಡ್ಡ ತಾವರೆ ಬರೆದ. ಸುತ್ತ ಟೋಪಿ, ಗೌನು ತೊಟ್ಟ ಬಿಳಿಯರು ಅದನ್ನು ನೋಡುತ್ತಾ ನಿಂತಿದ್ದಾರೆ. ತಾವರೆ ಅಂದರೆ ಬುದ್ಧ. ಯುರೋಪಿನವರ ವಿದ್ಯೆ ತೆಗೆದುಕೊಂಡು ಯುರೋಪಿನವರನ್ನೇ ಬುದ್ಧನ ಮುಂದೆ ನಿಲ್ಲಿಸಿದ. ಇದನ್ನು ಕಾಪಿ ಅನ್ನುವವರಿಗೆ ನಾನು ಕಾಫಿಯನ್ನೂ ಕೊಡುವುದಿಲ್ಲ.

ಇನ್ನು ನಿಜವಾಗಿಯೂ ಕಾಪಿ ಮಾಡಿದ ಒಬ್ಬರ ವಿಷಯ ಹೇಳುತ್ತೇನೆ. ಫುವಾ ಹರಿಪಿತಕ್. ಭೀರಶ್ರೀಯವರ ಶಿಷ್ಯ. 1941ರಲ್ಲಿ ಶಾಂತಿನಿಕೇತನಕ್ಕೆ ಕಲಿಯಲು ಹೋದರು. ಹೌದು, ನಮ್ಮ ಶಾಂತಿನಿಕೇತನವೇ. ಅಷ್ಟರಲ್ಲಿ ಯುದ್ಧ. ಥಾಯ್ಲೆಂಡ್ ಜಪಾನ್ ಪಕ್ಷ ಸೇರಿತು. ಆಗ ಭಾರತದಲ್ಲಿದ್ದ ಥಾಯ್ ಪ್ರಜೆಗಳು ಬ್ರಿಟಿಷರ ಲೆಕ್ಕದಲ್ಲಿ ಶತ್ರುಗಳು. ಬ್ರಶ್ ಹಿಡಿದು ಬಂದ ಕಲಾವಿದನನ್ನು ಶಿಬಿರದಲ್ಲಿ ಕೂಡಿಹಾಕಿದರು. ಯುದ್ಧ ಮುಗಿದ ಮೇಲೆ ಬಿಡುಗಡೆ. ಆಮೇಲೆ ರೋಮ್‌ಗೂ ಹೋಗಿ ಕಲಿತರು, ಬಣ್ಣಗಳ ತುಂಡು ತುಂಡು ಸೇರಿಸಿದಂಥ ಚಂದದ ಹೊಸ ರೀತಿಯ ಚಿತ್ರ ಬರೆದರು. ಹಾಗೇ ಮುಂದುವರಿದಿದ್ದರೆ ದೊಡ್ಡ ಹೆಸರು, ದೊಡ್ಡ ದುಡ್ಡು. ಇವರು ಮಾಡಿದ್ದೇನು? ಹಳೇ ಗುಡಿಗಳನ್ನು ಹುಡುಕಿಕೊಂಡು ಅಲೆದರು. ಮಳೆ ನೀರಿಗೆ ಉದುರುತ್ತಿದ್ದ ಗೋಡೆ ಚಿತ್ರಗಳನ್ನು ಗೆರೆ ಗೆರೆಯಾಗಿ ನಕಲು ಮಾಡಿಕೊಂಡರು. ನದಿ ಆಚೆಯ ವಾಟ್ ರಖಾಂಗ್ ಗುಡಿಯ ಹಳೆಯ ಗ್ರಂಥಮಂದಿರವನ್ನು ಉಳಿಸಲು ವರ್ಷಗಟ್ಟಲೆ ದುಡಿದರು. 1983ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದು ಕಾಪಿ ಭಾವ, ಅಪ್ಪಟ ಕಾಪಿ. ಇದಿಲ್ಲದಿದ್ದರೆ ಕೆಲವು ಚಿತ್ರಗಳು ಹೇಗಿದ್ದವು ಅಂತ ನೋಡಲೂ ನಮಗೆ ಸಿಗುತ್ತಿರಲಿಲ್ಲ.

ಇಷ್ಟು ಹೇಳಿದರೂ ನನಗೆ ಸಮಾಧಾನ ಇಲ್ಲ, ಯಾಕೆಂದರೆ ಪ್ರಶ್ನೆಯೇ ಸಪ್ಪೆ. ಯಾರು ಯಾರಿಂದ ಕಲಿತರು ಅನ್ನುವುದು ಪರೀಕ್ಷೆಗೆ ಎರಡು ಮಾರ್ಕಿನ ವಿಷಯ. ಒಬ್ಬರಾದರೂ ಇದನ್ನು ಕೇಳಬಾರದಾ: ಈ ಚಿತ್ರಗಳನ್ನು ನೋಡಿದ ಜನ ಏನು ಮಾಡಿದರು? ಥಾಯ್ ಕಲೆಯ ಮಜಾ ಇರುವುದು ಅಲ್ಲಿ.

ಮೊದಲನೆಯದಾಗಿ, ಚಾಕು ತೆಗೆದುಕೊಂಡರು. 1971ರಲ್ಲಿ ಥವಾನ್ ದುಚನೀ ಅವರ ಚಿತ್ರಗಳನ್ನು ಬ್ಯಾಂಕಾಕ್‌ನಲ್ಲಿ ವಿದ್ಯಾರ್ಥಿಗಳು ಹರಿದುಹಾಕಿದರು. ಪ್ರಾಣಿಯೋ ಮನುಷ್ಯನೋ ತಿಳಿಯದ ಸ್ನಾಯುಗಳ ಮೈ, ಅದರ ಜೊತೆ ಬುದ್ಧನ ಗುಡಿ. ಧರ್ಮಕ್ಕೆ ಅವಮಾನ ಅಂತ ಸಿಟ್ಟು. ಅದೇ ಥವಾನ್‌ಗೆ 2001ರಲ್ಲಿ ‘ರಾಷ್ಟ್ರೀಯ ಕಲಾವಿದ’ ಬಿರುದು. ಈಗ ಚಿಯಾಂಗ್ ರಾಯ್‌ನಲ್ಲಿ ಅವರು ಕಟ್ಟಿದ ‘ಬಾನ್ ದಾಮ್’, ಅಂದರೆ ಕಪ್ಪು ಮನೆಗಳ, ಮುಂದೆ ಟೂರ್ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಕೊಂಬು, ತೊಗಲು, ಮೂಳೆ ಎಲ್ಲ ತುಂಬಿರುವ ಆ ಜಾಗದಲ್ಲಿ ಜನ ಐಸ್‌ಕ್ರೀಂ ತಿನ್ನುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಚಾಕುವಿಗಿಂತ ಇದು ವಾಸಿ ಅನ್ನಬೇಕೋ ಏನೋ.

ಎರಡನೆಯದು, ಬೀದಿಗೆ ತಂದರು. ಬ್ಯಾಂಕಾಕ್‌ನ ರಾಜಾದಮ್ನೋನ್ ರಸ್ತೆಯಲ್ಲಿ ಪ್ರಜಾಪ್ರಭುತ್ವ ಸ್ಮಾರಕ ಇದೆ. 1940ರಲ್ಲಿ ಮುಗಿದದ್ದು. ಅದರ ಉಬ್ಬುಶಿಲ್ಪ ಭೀರಶ್ರೀಯವರ ಕೆಲಸ, ಸರ್ಕಾರಕ್ಕೆ ಬೇಕಾದಂಥ ಸೈನಿಕರು, ಸರ್ಕಾರಕ್ಕೆ ಬೇಕಾದಂಥ ಜನ. 1973ರ ಅಕ್ಟೋಬರ್‌ನಲ್ಲಿ ಸೇನಾಡಳಿತ ಬೇಡ ಅಂತ ಲಕ್ಷಾಂತರ ಜನ ಸೇರಿದ್ದು ಅದೇ ಸ್ಮಾರಕದ ಸುತ್ತ. ಎರಡು ವರ್ಷ ಕಳೆದು ಅದೇ ರಸ್ತೆಯಲ್ಲಿ ಕಲಾವಿದರು ಸಿನಿಮಾ ಕಟೌಟ್‌ನಷ್ಟು ದೊಡ್ಡ ಚಿತ್ರಗಳನ್ನು ಬರೆದು ನಿಲ್ಲಿಸಿದರು. ಕಟೌಟ್ ಅಂದದ್ದು ಸುಮ್ನೆ ಅಲ್ಲ. ಆ ಕಾಲದ ದೊಡ್ಡ ಹೆಸರು ಪ್ರತುಂಗ್ ಎಮ್‌ಜರೂನ್. ಕಲಾಶಾಲೆಗೆ ಹೋದವರಲ್ಲ, ಸಿನಿಮಾ ಬೋರ್ಡ್ ಬರೆದು ಹೊಟ್ಟೆ ಹೊರೆದವರು. ಗಾಂಧಿನಗರದ ಥಿಯೇಟರ್‌ಗಳ ಮುಂದೆ ಕತ್ತೆತ್ತಿ ನಿಂತು ಬೆಳೆದ ನನಗೆ ಅವರ ಬಣ್ಣದ ಧೈರ್ಯ ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಿಲ್ಲ. 1976ರ ಅಕ್ಟೋಬರ್ 6ರಂದು ಥಮ್ಮಸಾತ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕಗ್ಗೊಲೆಯಾಯಿತು. ಆಮೇಲೆ ಎಷ್ಟೋ ಜನ ಹುಡುಗ ಹುಡುಗಿಯರು ಕಾಡು ಸೇರಿದರು. ಬೀದಿಯ ಚಿತ್ರಗಳು ಬೀದಿಯಲ್ಲಿ ಉಳಿಯಲಿಲ್ಲ.

2007ರಲ್ಲಿ ಇನ್ನೊಂದು. ಕಾಗೆಯ ಕೊಕ್ಕಿನ ಭಿಕ್ಷುಗಳನ್ನು ಬರೆದ ಅನುಪೊಂಗ್ ಚಂತೋನ್ ಅವರಿಗೆ ರಾಷ್ಟ್ರೀಯ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ನಿಜವಾದ ಭಿಕ್ಷುಗಳು ಬೀದಿಗಿಳಿದು ಪ್ರತಿಭಟನೆ ಮಾಡಿದರು. ಕಾಪಿ ಮಾಡಿದ ಕಲೆಗೆ ಯಾರಾದರೂ ಬಿಸಿಲಲ್ಲಿ ನಿಂತು ಸಿಟ್ಟು ಮಾಡಿಕೊಳ್ಳುತ್ತಾರಾ, ಹೇಳಿ.

ಕೆಲವರು ತಿಂದೂ ಇದ್ದಾರೆ. 1992ರಲ್ಲಿ ರಿರ್ಕ್ರಿತ್ ತಿರವನಿಜ ನ್ಯೂಯಾರ್ಕ್‌ನ ಗ್ಯಾಲರಿಯೊಂದರಲ್ಲಿ ಒಲೆ ಹಚ್ಚಿ, ಥಾಯ್ ಸಾರು ಅನ್ನ ಮಾಡಿ ಬಂದವರಿಗೆಲ್ಲ ಪುಕ್ಕಟೆ ಬಡಿಸಿದರು. ಅದೇ ಕಲಾಕೃತಿ. ಅಕ್ಕ ಇದನ್ನು ಕೇಳಿ ‘ಹಾಗಾದ್ರೆ ನಾನು ಇಪ್ಪತ್ತು ವರ್ಷದಿಂದ ಕಲಾವಿದೆ’ ಅಂದಳು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ನನಗೆ ಎಲ್ಲರಿಗಿಂತ ಹತ್ತಿರದವರು ಮೊಂತಿಯನ್ ಬೂನ್ಮಾ. ಬಿದಿರು, ಮಣ್ಣಿನ ಗಂಟೆ, ಭಿಕ್ಷಾಪಾತ್ರೆ, ಇಂಥವುಗಳಲ್ಲೇ ಕೆಲಸ ಮಾಡಿದವರು. ಹೆಂಡತಿಗೆ ಕ್ಯಾನ್ಸರ್ ಬಂತು. ಗುಡಿ ಗುಡಿ ಸುತ್ತಿದರು, ಮೂಲಿಕೆ ಮದ್ದು ಹುಡುಕಿದರು. 1994ರಲ್ಲಿ ಹೆಂಡತಿ ತೀರಿಕೊಂಡರು. ಆಮೇಲೆ ಮಾಡಿದ ಒಂದು ಕೃತಿಯ ಹೆಸರು ‘ಆಸೆಯ ಮನೆ’. ಗಿಡಮೂಲಿಕೆಯ ಗುಳಿಗೆಗಳನ್ನು ದಾರಕ್ಕೆ ಪೋಣಿಸಿದ ಸಾವಿರಕ್ಕೂ ಹೆಚ್ಚು ಎಳೆಗಳು ಮೇಲಿಂದ ಇಳಿಬಿದ್ದಿವೆ. ಅದನ್ನು ನೋಡುವುದಕ್ಕಿಂತ ಮೊದಲು ಮೂಸುತ್ತೀರಿ. ಕಾಯಿಲೆ ಮನೆಯ ವಾಸನೆ ಗೊತ್ತಿರುವ ಯಾರಿಗೂ ಅದಕ್ಕೆ ವಿವರಣೆ ಬೇಡ. ಮೊಂತಿಯನ್ ಕೂಡ 2000ದಲ್ಲಿ ಕ್ಯಾನ್ಸರ್‌ನಿಂದಲೇ ಹೋದರು, ಐವತ್ತೂ ಆಗಿರಲಿಲ್ಲ. ಇವರ ವಿಷಯ ಭಾವನಿಗೆ ನಾನು ಹೇಳಲೇ ಇಲ್ಲ. ಇದನ್ನೂ ‘ಕಾಪಿ ತಾನೇ’ ಅಂದರೆ ಜಗಳ ಆಗುತ್ತಿತ್ತು.

ಅವತ್ತು ರಾತ್ರಿ ಊಟ ಆದ ಮೇಲೆ ಟ್ಯಾಬ್‌ನಲ್ಲಿ ಒಂದು ವೀಡಿಯೊ ತೋರಿಸಿದೆ. ಅರಾಯಾ ರಾಸ್‌ಜಾಮ್ರೂನ್‌ಸುಕ್ 2008ರಲ್ಲಿ ಮಾಡಿದ್ದು, ‘ಎರಡು ಗ್ರಹಗಳು’ ಅನ್ನುವ ಸರಣಿಯದು. ಉತ್ತರ ಥಾಯ್ಲೆಂಡ್‌ನ ಬಯಲಲ್ಲಿ ಯುರೋಪಿನ ಹೆಸರಾಂತ ಚಿತ್ರಗಳ ಪ್ರತಿಗಳನ್ನು ಚೌಕಟ್ಟು ಹಾಕಿ ಇಟ್ಟಿದ್ದಾರೆ. ಎದುರಿಗೆ ನೆಲದ ಮೇಲೆ ಹಳ್ಳಿ ಜನ, ನಮಗೆ ಬೆನ್ನು ಹಾಕಿ ಕೂತಿದ್ದಾರೆ. ಅವರಿಗೆ ಕಲಾವಿದ ಯಾರು ಅಂತ ಗೊತ್ತಿಲ್ಲ. ಚಿತ್ರ ನೋಡುತ್ತಾ ಹರಟುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತಾರೆ, ನಗುತ್ತಾರೆ. ಅಷ್ಟೇ. ಒಂದರಲ್ಲಿ ಇರುವುದು ಫ್ರಾನ್ಸ್‌ನ ಮಿಲೆ 1857ರಲ್ಲಿ ಬರೆದ ಚಿತ್ರ, ಕೊಯ್ಲಾದ ಹೊಲದಲ್ಲಿ ಬಗ್ಗಿ ಏನೋ ಆರಿಸುತ್ತಿರುವ ಮೂವರು ಹೆಂಗಸರು.

ಭಾವ ಐದು ನಿಮಿಷಕ್ಕೆ ಆಕಳಿಸಿದರು. ‘ಇದಂತೂ ಪಕ್ಕಾ ಕಾಪಿ, ಪಟವೇ ಅವರದ್ದು’ ಅಂದರು. ಅತ್ತೆ ಮಾತ್ರ ಕನ್ನಡಕ ಹಾಕಿಕೊಂಡು ಮುಂದೆ ಬಗ್ಗಿದರು.

‘ಹಕ್ಕಲು ಆಯ್ತಾವ್ರೆ ಕಣವ್ವ. ಪಟ ದೊಡ್ಡದು ಮಾಡು.’

ಹಕ್ಕಲು. ಕೊಯ್ದ ಗದ್ದೆಯಲ್ಲಿ ಬಿದ್ದ ತೆನೆ ಆರಿಸುವುದಕ್ಕೆ ಆ ಮಾತಿದೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಮಿಲೆಯ ಮೂಲ ಚಿತ್ರವನ್ನು ನೆಟ್‌ನಲ್ಲಿ ಹುಡುಕಿ ದೊಡ್ಡದು ಮಾಡಿ ಕೊಟ್ಟೆ. ಅತ್ತೆ ತುಂಬಾ ಹೊತ್ತು ನೋಡಿದರು. ಆಮೇಲೆ ಬಲಗಡೆ ದೂರದಲ್ಲಿ, ಬಣವೆಗಳ ಹತ್ತಿರ, ಬೆರಳಿಟ್ಟರು.

‘ಇಲ್ಲಿ ಕುದುರೆ ಮೇಲೆ ಒಬ್ಬ ಕೂತವ್ನೆ ನೋಡು. ಇವ್ನೇ ಯಜಮಾನ್ನ ಕಡೆಯೋನು. ಇವ್ನ್ ಕಣ್ಣು ತಪ್ಸಿ ಎಷ್ಟು ಮಡಿಲಿಗೆ ಬಿದ್ರೆ ಅಷ್ಟು.’

ಆ ಚಿತ್ರವನ್ನು ಪುಸ್ತಕದಲ್ಲಿ, ಪೋಸ್ಟರ್‌ನಲ್ಲಿ, ಈ ವೀಡಿಯೊದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಒಂದು ಕುದುರೆ ಇದೆ ಅಂತ ನನಗೆ ಗೊತ್ತಿರಲಿಲ್ಲ.